ದಳದ ಮೇಲಿನ ಚಿಟ್ಟೆ

"ಪಕ್ಕಕ್ಕೆ ಸರಿ ಅಕ್ಕಾ, ಬೆಳಕಿಗೆ ಅಡ್ಡ ಬರ್ತೀಯ," ಎಂದು ಕ್ಯಾಮೆರಾದಿಂದ ಕಣ್ಣು ತೆಗೆಯದೆ ತಮ್ಮ ಗದರಿದ. ಎದುರಿನ ದಾಸವಾಳದ ಮೇಲೆ ಚಿಟ್ಟೆಯೊಂದು ಕುಳಿತಿತ್ತು. ಕುಳಿತಿತ್ತೆನ್ನುವುದು ಸುಳ್ಳು. ಬೆಳಿಗ್ಗೆ ಅದು ಗೂಡಿನಿಂದ ಹೊರಬಂದು ರೆಕ್ಕೆ ಒಣಗಿಸಿಕೊಂಡೊಡನೆ ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಅದರ ಕಾಲುಗಳನ್ನು ಅವನೇ ಗೋಂದಿನಿಂದ ದಳಕ್ಕೆ ಅಂಟಿಸಿದ್ದ.

ಅಕ್ಕ ಅದನ್ನು ಹುಳುವಾಗಿದ್ದಾಗಿನಿಂದ ಬಲ್ಲಳು. ಕುಂಡದ ನಿಂಬೆಗಿಡವನ್ನು ಅದು ಬೋಳಿಸಿದರೂ, "ಬಾಣಂತಿ ಹಸಿವು ಇದಕ್ಕೆ, ತಿನ್ನಲಿ ಪಾಪ," ಎಂದು ಸಾಕಿದ್ದಳು. ಅದರ ಮೊದಲ ಹಾರಾಟವನ್ನು ಕಣ್ತುಂಬ ನೋಡಬೇಕೆಂಬುದೊಂದೇ ಅವಳ ಆಸೆ.

"ಜೀವ ಇದೆಯೇನೋ ಅದಕ್ಕೆ?"

"ಇದೆ ಅಕ್ಕಾ, ಚಳಿಗೆ ನಿದ್ದೆ ಹೊಡೀತಿದೆ. 'ಹೂವನ್ನು ಕಾಯಾಗಿಸುವ ಪರೋಪಕಾರಿ' ಅಂತ ಶೀರ್ಷಿಕೆನೂ ಬರೆದಾಯ್ತು. ಈ ಸಲ ಫೋಟೋ ಸ್ಪರ್ಧೆ ಬಹುಮಾನ ನಂದೇ!"

ಬಿಸಿಲು ತಾಗಿ ಪರೋಪಕಾರಿಗೆ ಎಚ್ಚರವಾಯಿತು. ಅದು ರೆಕ್ಕೆ ಬಡಿದ ರಭಸಕ್ಕೆ ದಳ ನಡುಗಿತು. "ಆಹಾ, ಹಾಗೇ ಒದ್ದಾಡು ರಾಜ!" ಎಂದು ತಮ್ಮ ಒಂದರ ಮೇಲೊಂದು ಚಿತ್ರ ತೆಗೆದ. ಅಕ್ಕ ತಡೆಯಲಾರದೆ ಎರಡು ಬೆರಳುಗಳಿಂದ ರೆಕ್ಕೆ ಹಿಡಿದು ಅದನ್ನು ಮೆಲ್ಲನೆ ಮೇಲೆತ್ತಿದಳು. ಚಿಟ್ಟೆ ಬಿಡಿಸಿಕೊಂಡು ಬಂತು. ಕಾಲುಗಳು ದಳದ ಮೇಲೆಯೇ ಉಳಿದವು.

"ಹಾರ್ತಲ್ಲಕ್ಕಾ, ಇನ್ನೇನು ಬೇಕು ನಿನಗೆ?"

ಹೌದು, ಹಾರಿತು. ನಿಂಬೆಯ ಚಿಗುರಿನ ಮೇಲೆ ಕೂರಲು ಹೋಗಿ ಜಾರಿತು. ಮತ್ತೆ ಬಂದು ಮತ್ತೆ ಜಾರಿತು. ಅಕ್ಕ ಅಂಗೈ ಚಾಚಿದಳು. ಅಲ್ಲಿಯೂ ಅದಕ್ಕೆ ನಿಲ್ಲಲಾಗಲಿಲ್ಲ.