ತಿಳಿಯಾಗಿ ಉಳಿದ ನೀರು

ಅಂಟಿನ ವಾಸನೆ ಬಂದರೆ ಈಗಲೂ ಹಳೇಬೀಡಿನ ನಮ್ಮ ಹಿತ್ತಿಲ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಬಳಪದ ಕಲ್ಲಿನಲ್ಲಿ ಗಣಪನನ್ನು ಕೆತ್ತಿ ದೇವಸ್ಥಾನದ ಎದುರಿನ ಅಂಗಡಿಗಳಿಗೆ ಕೊಡುತ್ತಿದ್ದರು. ಅವರ ಅಂಗಿ ನೆನೆಸಿದರೆ ಬಕೆಟ್ಟಿನ ನೀರು ಹಾಲಿನಂತಾಗುತ್ತಿತ್ತು. ಆ ದಿನ ನೀರು ತಿಳಿಯಾಗಿಯೇ ಇತ್ತು. ಅಮ್ಮ ಅಂಗಿಯನ್ನು ಮೂಸಿದಳು.

“ಕಲ್ಲಿನ್ ಪುಡೀನೇ ಇಲ್ವಲ್ರೀ? ಎಂಥದೋ ಅಂಟಿನ್ ವಾಸ್ನೆ ಬತ್ತೈತೆ.”

“ಈಗ ಸಣ್ಣ ಕುಸುರಿ ಕೆಲ್ಸ ಕಣೇ, ಪುಡಿ ಬೀಳಲ್ಲ” ಎಂದರು ಅಪ್ಪ, ಅವಳ ಮುಖ ನೋಡದೆ.

ಅಮ್ಮ ಅವರ ಚೀಲದಿಂದ ಎರಡು ಹೊಸ ಗಣಪನ ಮೂರ್ತಿಗಳನ್ನು ತೆಗೆದು ಜೋಡಿಸಿಟ್ಟಳು. ಎರಡರ ಎಡಗಿವಿಯೂ ಒಂದೇ ಜಾಗದಲ್ಲಿ ಮುಕ್ಕಾಗಿತ್ತು.

“ಅಂಟು ಹುಯ್ದು ಅಚ್ಚಲ್ಲಿ ತೆಗ್ದಿದ್ದಾ?”

ಅಪ್ಪ ಎರಡನ್ನೂ ಮತ್ತೆ ಚೀಲಕ್ಕೆ ಹಾಕಿಕೊಂಡರು. ಮದುವೆಯಾದ ಹೊಸದರಲ್ಲಿ ಅವರು ಕೆತ್ತಿದ್ದ ಗಣಪನನ್ನು ಅಮ್ಮ ದೇವರ ಗೂಡಿನಿಂದ ತಂದು, ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು.

“ಇದೊಂದ್ ಇರ್ಲಿ. ಕುಸುರಿ ಅಂದ್ರೆ ಏನಂತ ಮಕ್ಳಿಗೆ ತೋರ್ಸಕ್ಕೆ.”