ಬೇಲಿಯ ಕೆಳಗಿನ ಎಣ್ಣೆ

ತಂತಿಬೇಲಿಯ ಈಚೆ ನಮ್ಮ ಕಂಪನಿಯ ಎಣ್ಣೆಬಾವಿ, ಆಚೆ ಎದುರಾಳಿ ಕಂಪನಿಯದು. ನೆಲದ ಮೇಲೆ ಬೇಲಿ ಹಾಕಬಹುದು, ನೆಲದೊಳಗಿನ ಎಣ್ಣೆಗೆ ಯಾರು ಹಾಕಬೇಕು?

"ಅವರ ಬಾವಿ ನಮ್ಮ ಎಣ್ಣೀನೂ ಜಗ್ಗಾಕತ್ತೈತಿ," ಎಂದರು ನಮ್ಮ ಮ್ಯಾನೇಜರ್ ಸಾಹೇಬರು ನನಗೆ. "ಎಲ್ಲೀತನಕ ಜಗ್ಗತೈತಿ ಅಂತ ಲೆಕ್ಕಾ ಹಾಕು. ಎಂಜಿನಿಯರ್ ಅದೀ ಇಲ್ಲೋ?"

"ನಮ್ಮ ಬಾವಿ ಒಂದ್ ವಾರ ಬಂದ್ ಮಾಡೂಣ್ರೀ. ಆಗ ಅವರ ಎಣ್ಣಿ ಹೆಚ್ಚಾತಂದ್ರ ಎರಡೂ ಬಾವಿ ಒಂದ ಗಂಗಾಳದಾಗ ಉಣ್ಣಾಕತ್ತಾವು ಅಂತ ಅರ್ಥ. ಅವರ ಗೇಟಿನಿಂದ ಹೋಗೂ ಟ್ಯಾಂಕರ್ ಎಣಸಿದ್ರ ಸಾಕ್ರೀ," ಎಂದೆ ನಾನು.

ಬಾವಿ ಬಂದ್ ಆಯಿತು. ಎರಡು ಗೇಟುಗಳ ನಡುವಿನ ಚಹದಂಗಡಿಯಲ್ಲಿ ನಾನು ಠಿಕಾಣಿ ಹೂಡಿದೆ. ವಾರ ಕಳೆದರೂ ಅವರ ಗೇಟಿನಿಂದ ಒಂದೇ ಒಂದು ಟ್ಯಾಂಕರ್ ಹೊರಬರಲಿಲ್ಲ.

"ನಮ್ಮ ಬಾವಿ ನಿಂತಿದ್ದಕ್ಕ ಅವರದು ಬತ್ತಿ ಹೋತೇನಲೇ?" ಸಾಹೇಬರು ಫೋನಿನಲ್ಲಿ ಒದರಿದರು.

ಪಕ್ಕದ ಬೆಂಚಿನಲ್ಲಿ ವಾರದಿಂದ ನನ್ನ ಹಾಗೆಯೇ ಚಹ ಕುಡಿಯುತ್ತ ಕುಳಿತಿದ್ದವನು ಕೊನೆಗೂ ತಡೆಯಲಾರದೆ ನನ್ನ ಅಂಗಿಯ ಮೇಲಿನ ಕಂಪನಿಯ ಹೆಸರಿನತ್ತ ಕೈ ತೋರಿಸಿ ಕೇಳಿದ:

"ಅಣ್ಣಾ, ನಿಮ್ಮ ಟ್ಯಾಂಕರ್ ಯಾವಾಗ ಹೊರಗ ಬರ್ತಾವ್ರೀ? ಅವನ್ನ ಎಣಸಾಕಂತ ನಮ್ಮ ಸಾಹೇಬ್ರು ವಾರದಿಂದ ನಮ್ಮ ಬಾವಿ ಬಂದ್ ಮಾಡಿಸ್ಯಾರ."