ಕಿತ್ತ ಕಲ್ಲು

"ಯಾರ್ ಕಿತ್ತಾರ ಕಲ್ಲು? ಯಾರ್ ಕಿತ್ತಾರ ಅಂತ ಕೇಳಾಕತ್ತೇನಿ!"

ಬಾಳಮ್ಮನ ಕೂಗಿಗೆ ಹಳ್ಳದ ಆಚೆ ದಡದಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಸಾಬೀರನೂ ಬೆಚ್ಚಿದ. ಈಚೆ ದಡದಲ್ಲಿ ಅವಳ ಸೊಸೆ ಗೀತಾಂಜಲಿ ಹೊಟ್ಟೆ ಹಿಡಿದು ಕೂತಿದ್ದಳು. ಬೆಳಗಿನಿಂದ ಹೆರಿಗೆ ಬೇನೆ. ವಾಳಪೈ ಆಸ್ಪತ್ರೆಗೆ ಇದೊಂದೇ ದಾರಿ. ನಿನ್ನೆಯವರೆಗೆ ಆಟೋ ಹಳ್ಳ ದಾಟಿ ಗುಡಿಸಲ ಬಾಗಿಲಿಗೇ ಬರುತ್ತಿತ್ತು. ಇವತ್ತು ಕಲ್ಲು ಕಿತ್ತ ಹಳ್ಳದಲ್ಲಿ ಮೊಣಕಾಲುದ್ದ ಕೆಸರು.

ಈಚೆ ದಡದಲ್ಲೇ ಒಂದು ದೊಡ್ಡ ಬಾಡಿಗೆ ಗಾಡಿ ನಿಂತಿತ್ತು. ಒಳಗೆ ಹಾಸಿಗೆ, ಒಲೆ, ಸಂಡಾಸ ಎಲ್ಲ ಇದ್ದು, ಎಂಥ ಕೆಸರಿನಲ್ಲೂ ನಾಲ್ಕೂ ಗಾಲಿ ಎಳೆಯುವಂಥದ್ದು. ಪಕ್ಕದಲ್ಲಿ ಇಬ್ಬರು ಯುವಕರು.

"ದಾರಿ ಭಾಳ ಸಪಾಟ ಇತ್ರಿ ಅವ್ವಾರ. ಕೆಸರಾಗ ಗಾಡಿ ಹೊಡಿಯೋ ವಿಡಿಯೋದಾಗ ಮಜಾನ ಬರಲಿಲ್ಲ. ಅದಕ್ಕ ಕಲ್ಲು ತಗದು ಬಾಜೂಕ ಉಳ್ಳಿಸಿದ್ವಿ," ಅಂದ ಅವರಲ್ಲಿ ಕ್ಯಾಪ್ ಹಾಕಿದ್ದವನು.

ಮಜಾ ಅಂತೆ ಮಜಾ! ತಾವು ದುಡಿಯುವ ಕಲ್ಲಿನ ಕ್ವಾರಿಯಲ್ಲಿ ಒಡೆದುಹೋದವೆಂದು ಬಿಸಾಡಿದ ಕೆಂಪು ಕಲ್ಲುಗಳನ್ನು, ದಿನಾ ಸಂಜೆ ಕೆಲಸ ಬಿಟ್ಟು ಬರುವಾಗ ಮನೆಗೊಂದರಂತೆ ತಲೆ ಮೇಲೆ ಹೊತ್ತು ತಂದು, ನಾಲ್ಕು ಮನೆಯವರು ಎರಡು ವರ್ಷ ಜೋಡಿಸಿದ ದಾರಿ ಅದು. ಗೀತಾಂಜಲಿಯೂ ಬಸುರಾದ ಮೇಲೆ ಆರು ತಿಂಗಳು ಹೊತ್ತಿದ್ದಳು.

ಬಾಳಮ್ಮನಿಗೆ ತನ್ನ ಮೇಲೂ ಸಿಟ್ಟು ಉಕ್ಕಿತು. ದುಡಿಯಲು ಬಂದ ಈ ಪರರಾಜ್ಯದಲ್ಲಿ ನಿನ್ನೆ ಗಾಡಿಯ ಮೇಲೆ ಕರ್ನಾಟಕದ ನಂಬರು ನೋಡಿ, ಇವರ ಬಾಯಲ್ಲಿ ಧಾರವಾಡದ ಮಾತು ಕೇಳಿ, ನಮ್ಮ ಕಡೆ ಮಂದಿ ಎಂದು ಹಿಗ್ಗಿ, ಬಿಸಿ ರೊಟ್ಟಿ ಹಾಕಿ ಈ ದಾರಿ ತೋರಿಸಿದವಳು ಅವಳೇ.

"ನಿಮ್ಮ ಬಾಯಾಗ ಮಣ್ಣ ಬೀಳಲಿ! ನನ್ನ ರೊಟ್ಟಿ ತಿಂದ ಬಾಯಿ ಅದು. ಬಾಗಲಾ ತಗೀರಿ. ಇಕಿನ್ನ ಆಚಿ ದಂಡಿಗೆ ಮುಟ್ಟಸ್ರಿ."

"ಬಾಡಿಗಿ ಗಾಡಿರೀ ಅವ್ವಾರ... ಹಾಸಿಗಿಗೆ ಕಲೆ ಬಿದ್ರ ಮಾಲಕ ನಮ್ಮನ್ನ ಬಿಡಂಗಿಲ್ಲ."

ಬಾಳಮ್ಮ ಅವನನ್ನು ಪಕ್ಕಕ್ಕೆ ನೂಕಿ, ಕೆಸರುಗಾಲಲ್ಲೇ ಸೊಸೆಯನ್ನು ಬಿಳಿ ಹಾಸಿಗೆಗೆ ಹತ್ತಿಸಿ ತಾನೂ ಪಕ್ಕದಲ್ಲಿ ಕೂತಳು. ಯುವಕರಿಬ್ಬರೂ ಮುಂದೆ ಹತ್ತಿದರು, ಕ್ಯಾಪಿನವನು ಸ್ಟೇರಿಂಗ್ ಹಿಡಿದ. ಗಾಡಿ ಓಲಾಡುತ್ತ ಹಳ್ಳಕ್ಕಿಳಿಯಿತು. ಒಂದೊಂದು ಕುಲುಕಿಗೂ ಗೀತಾಂಜಲಿ ಚೀರಿದಳು. ಆಚೆ ದಡ ಸೇರುತ್ತಲೇ, "ಇದರಾಗ ಬ್ಯಾಡ್ರಿ ಅತ್ತಿ, ಜೀವಾ ಹೋಗತೈತಿ," ಎಂದು ಕೈ ಹಿಡಿದುಕೊಂಡಳು. ಸಾಬೀರ ಅವಳನ್ನು ಮೆಲ್ಲಗೆ ಆಟೋದಲ್ಲಿ ಕೂರಿಸಿದ.

ಕ್ಯಾಪಿನವನು ಸ್ಟೇರಿಂಗ್ ಬಿಟ್ಟು ಬೆವರು ಒರೆಸಿಕೊಂಡ. "ಮುಗೀತಲ್ರಿ ಅವ್ವಾರ?"

"ಎಲ್ಲಿ ಮುಗೀತು?"

ಇನ್ನೂ ಗಾಡಿಯೊಳಗೇ ಇದ್ದ ಬಾಳಮ್ಮ ಅವನ ಹಿಂದಿನಿಂದ ಕೈ ಚಾಚಿ ಗಾಡಿಯ ಕೀಲಿ ಕಿತ್ತು, ಸೆರಗಿನ ತುದಿಗೆ ಗಂಟು ಹಾಕಿದಳು. ಬೇನೆಯ ಸುದ್ದಿ ಕೇಳಿ ಕ್ವಾರಿಯಿಂದ ಹಾಗೇ ಓಡಿ ಬಂದವಳ ಸೊಂಟದಲ್ಲಿ, ಕಲ್ಲು ಹೊರುವಾಗ ತಲೆಗಿಡುವ ಬಟ್ಟೆಯ ಸಿಂಬೆ ಇನ್ನೂ ಸಿಕ್ಕಿಸಿಕೊಂಡೇ ಇತ್ತು. ಅದನ್ನು ತೆಗೆದು ಅವನ ಕ್ಯಾಪಿನ ಮೇಲೇ ಒತ್ತಿ ಕೂರಿಸಿದಳು.

"ಕಿತ್ತ ಕಲ್ಲು ಕಿತ್ತಲ್ಲೇ ಹಾಕ್ರಿ. ನಾವ್ ಹೊಳ್ಳಿ ಬರುವಾಗ ಆಟೋದಾಗ ಕೂಸು ಇರತೈತಿ."